ಎರಡನೇ ಆಯ್ಕೆ ಇಲ್ಲದವನು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊದಲು ಎಲ್ಲ ವಿಷಯಗಳೂ ಅಕ್ಕಪಕ್ಕದ ಮನೆಯವರ ಹಾಗೆ ಹೊಂದಿಕೊಂಡಿದ್ದವು. ಇತಿಹಾಸಕ್ಕೆ ನಾನು, ರಾಜ್ಯಶಾಸ್ತ್ರಕ್ಕೆ ವೆಂಕಟಾಚಲ. ಒಬ್ಬರ ಬೇಲಿಯನ್ನು ಇನ್ನೊಬ್ಬರು ದಾಟುತ್ತಿರಲಿಲ್ಲ. ಯೋಗರಾಜ ಅರ್ಥಶಾಸ್ತ್ರಕ್ಕೆ ಬಂದು ಸೇರಿದ ಮೇಲೆ ಆ ನೆಮ್ಮದಿ ಹಾಳಾಯಿತು. ಅವನು ತರ್ಕಬದ್ಧ ಆಯ್ಕೆ ಸಿದ್ಧಾಂತದ ಮೇಲೆ ಪಿಎಚ್‌ಡಿ ಮಾಡಿದವನು. ಪ್ರತಿ ಮನುಷ್ಯನಿಗೂ ತನಗೆ ಯಾವುದು ಹೆಚ್ಚು ಬೇಕು, ಯಾವುದು ಕಡಿಮೆ ಬೇಕು ಎಂಬುದು ಗೊತ್ತಿರುತ್ತದೆ, ಕೈಗೆ ಎಟಕುವುದರಲ್ಲಿ ಹೆಚ್ಚು ಬೇಕಾದದ್ದನ್ನೇ ಅವನು ಆರಿಸುತ್ತಾನೆ. ಸಿದ್ಧಾಂತ ಇಷ್ಟೇ. ಇಷ್ಟನ್ನು ಹಿಡಿದುಕೊಂಡು ಯೋಗರಾಜ ನಮ್ಮೆಲ್ಲರ ಹಿತ್ತಲಿಗೂ ನುಗ್ಗಿದ.

ಮೊದಲು ಸಿಕ್ಕಿಬಿದ್ದವನು ವೆಂಕಟಾಚಲ. ಒಬ್ಬನ ಒಂದು ಮತದಿಂದ ಯಾವ ಚುನಾವಣೆಯೂ ತೀರ್ಮಾನವಾಗುವುದಿಲ್ಲ, ಆದ್ದರಿಂದ ಬಿಸಿಲಲ್ಲಿ ಸಾಲು ನಿಲ್ಲುವುದು ತರ್ಕಕ್ಕೆ ಹೊಂದುವುದಿಲ್ಲ ಎಂದು ಯೋಗರಾಜ ಅವನಿಗೆ ವಾರವಿಡೀ ಪಾಠ ಹೇಳಿದ. ಮತದಾನದ ದಿನ ನಮ್ಮ ಬೂತಿನಲ್ಲಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದವನು ಇವನೇ. ಮಾರನೇ ದಿನ ವೆಂಕಟಾಚಲ ಅವನ ಶಾಯಿ ಹಚ್ಚಿದ ಬೆರಳು ಹಿಡಿದು ಕೇಳಿದರೆ, "ಅದಕ್ಕೆ ಬೇರೆ ವಿವರಣೆ ಇದೆ ಸಾರ್" ಎಂದು ಬೆರಳನ್ನು ಜೇಬಿಗೆ ಸೇರಿಸಿದ.

ಆಮೇಲೆ ನನ್ನ ಸರದಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಿದ್ದನ್ನು ಹೇಳಿ, "ನಿನ್ನ ಲೆಕ್ಕ ಹಾಕಿದ್ರೆ ಅವಳು ಬಾಗ್ಲಲ್ಲೇ ಕೈ ಮುಗಿದು ಕಳಿಸ್ಬೇಕಿತ್ತು. ಇದಕ್ಕೇನಂತೀಯ?" ಎಂದೆ. "ಕೀರ್ತಿಯೂ ಒಂದು ಲಾಭವೇ ಮೇಡಂ" ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಪಕ್ಕದ ತರಗತಿಯ ಹುಡುಗರು ಸುಮ್ಮನಾದರಂತೆ.

ಆದರೂ ಅವನನ್ನು ದ್ವೇಷಿಸುವುದು ನನ್ನಿಂದ ಆಗಲಿಲ್ಲ. ಯಾಕೆಂದರೆ ಯೋಗರಾಜ ಸುಳ್ಳು ಹೇಳುವುದಿಲ್ಲ. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವನೂ ಅವನ ತಾಯಿ ಹೂವಮ್ಮನೂ ಇದ್ದಾರೆ. ನಾಳೆ ತಿಂಡಿಗೆ ಏನು ಮಾಡಲಿ ಎಂದು ಅವರು ಕೇಳಿದರೆ, ಬೇರೆ ಗಂಡುಮಕ್ಕಳ ಹಾಗೆ 'ಏನಾದ್ರೂ ಮಾಡು' ಎನ್ನುವುದಿಲ್ಲ. "ಮೊದಲು ಇಡ್ಲಿ. ಆಗದಿದ್ದರೆ ಅವಲಕ್ಕಿ. ಉಪ್ಪಿಟ್ಟು ಕಟ್ಟಕಡೆಗೆ" ಎಂದು ಕ್ರಮ ಹೇಳುತ್ತಾನೆ. "ಮಗ ಅನ್ಬೇಕೋ, ಹೋಟ್ಲಿಗೆ ಬಂದ ಗಿರಾಕಿ ಅನ್ಬೇಕೋ ಗೊತ್ತಾಗಲ್ಲ ಮೇಡಂ" ಎಂದು ಹೂವಮ್ಮ ನನ್ನ ಹತ್ತಿರ ನಗುತ್ತಿದ್ದರು. ನಗುತ್ತಲೇ, "ನಿಮ್ಮ ಕಡೆ ಯಾವುದಾದ್ರೂ ಹುಡುಗಿ ಇದ್ರೆ ನೋಡಿ" ಎನ್ನುತ್ತಿದ್ದರು.

ಹುಡುಗಿ ಇದ್ದಳು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಗೆ ಸೊಸೆಯಾಗಿ ಬಂದ ಹಾಲಮ್ಮ ನನಗೆ ಹಾಲಕ್ಕ ಆದಳು, ಅವಳ ಗಂಡ ನಾಗಯ್ಯ ಭಾವ ಆದರು. ಭಾವ ಈಗ ನಿವೃತ್ತರು, ಭದ್ರಾವತಿಯಲ್ಲೇ ಹಳೇ ನಗರದ ಕಡೆ ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ಅವರ ಒಬ್ಬಳೇ ಮಗಳು ಕವನ. ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆ ಮಾಡುತ್ತಾಳೆ. ರೈತರು ಕವರಿನಲ್ಲಿ ಕಟ್ಟಿಕೊಂಡು ಬಂದ ಮಣ್ಣನ್ನು ನೋಡಿ, ನಿಮ್ಮ ತೋಟಕ್ಕೆ ಇದು ಹಾಕಿ, ಅದು ಹಾಕಬೇಡಿ ಎಂದು ಖಡಕ್ಕಾಗಿ ಹೇಳುವ ಹುಡುಗಿ. ಮನೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಅವಳದ್ದಷ್ಟೇ ಅಲ್ಲ, ಆ ಮನೆಯ ಪದ್ಧತಿಯೇ ಹಾಗೆ. ತನಗೆ ಏನು ಬೇಕು ಎಂದು ಬಾಯಿ ಬಿಟ್ಟು ಹೇಳುವುದು ಅಲ್ಲಿ ಬಟ್ಟೆ ಬಿಚ್ಚಿ ಬೀದಿಗೆ ಬಂದಷ್ಟೇ ನಾಚಿಕೆಗೇಡು.

ಒಂದು ಭಾನುವಾರ ಹೂವಮ್ಮನನ್ನೂ ಯೋಗರಾಜನನ್ನೂ ಕರೆದುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಇವನ ಬಾಯಿಯ ಭಯ ನನಗಿತ್ತು. ಮಾಚೇನಹಳ್ಳಿ ದಾಟುವ ಹೊತ್ತಿಗೆ ಅವನಿಗೆ ಪಾಠ ಶುರು ಮಾಡಿದೆ.

"ನೋಡು ಮಾರಾಯ, ಕಾಫಿ ಕುಡೀತೀರಾ ಅಂತ ಕೇಳ್ತಾರೆ. ಕೇಳಿದ ಕೂಡ್ಲೆ ಹೂಂ ಅನ್ಬೇಡ. ಈಗ ತಾನೆ ಕುಡಿದು ಬಂದ್ವಿ ಅನ್ನು. ಮತ್ತೆ ಕೇಳ್ತಾರೆ. ಸುಮ್ನೆ ಯಾಕೆ ತೊಂದ್ರೆ ಅನ್ನು. ಮತ್ತೂ ಕೇಳ್ತಾರೆ. ಆಗ ತಗೋ."

"ಬೇಕಾದ್ದನ್ನ ಬೇಡ ಅಂದ್ರೆ ತಪ್ಪು ಮಾಹಿತಿ ಕೊಟ್ಟಂಗೆ ಮೇಡಂ. ಎಲ್ಲರೂ ಹಂಗೆ ಮಾಡಿದ್ರೆ ವ್ಯವಸ್ಥೆ ನಡೆಯೋದು ಹೆಂಗೆ?"

"ನಮ್ಮಜ್ಜಿ ಕಾಲದಿಂದ ನಡೀತಾ ಇದೆಯಲ್ಲೋ!"

"ನಡೀತಿದೆ, ಆದ್ರೆ ದಕ್ಷತೆ ಇಲ್ಲ" ಎಂದ. ಹೂವಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಹಾಲಕ್ಕನ ಮನೆಯಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ, "ಕಾಫಿ ಕುಡೀತೀರಾ, ಟೀ ಕುಡೀತೀರಾ?" ಎಂದು ಅವಳು ಕೇಳಿದಳು. ನಾನೂ ಹೂವಮ್ಮನೂ ಒಟ್ಟಿಗೆ "ಏನೂ ಬೇಡ" ಎಂದೆವು. ಯೋಗರಾಜ, "ಕಾಫಿ. ಸಕ್ಕರೆ ಅರ್ಧ ಚಮಚ" ಎಂದ. ಹಾಲಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಆಮೇಲೆ ಹಾಲುಬಾಯಿ ಬಂತು. ಅಕ್ಕಿ, ಕಾಯಿ ರುಬ್ಬಿ ಬೆಲ್ಲ ಹಾಕಿ ಕಾಯಿಸಿ, ತಟ್ಟೆಗೆ ಹೊಯ್ದು ಕತ್ತರಿಸಿದ ಹಾಲಕ್ಕನ ಹಾಲುಬಾಯಿಗಾಗಿ ನಾನು ಚಿಕ್ಕಂದಿನಲ್ಲಿ ಕಾಂಪೌಂಡು ಹಾರುತ್ತಿದ್ದೆ. ಈಗಲೂ ಅದನ್ನು ಕಂಡರೆ ಬಾಯಲ್ಲಿ ನೀರೂರುತ್ತದೆ. ಆದರೆ ಮದುವೆ ಮಾತಿಗೆ ಬಂದ ಹಿರಿಯಳು ನಾನು. ಮರ್ಯಾದೆಯಿಂದ "ಬೇಡ ಹಾಲಕ್ಕ" ಎಂದೆ. ಅವಳು ಸರಿ, ಆಮೇಲೆ ಮತ್ತೆ ಕೇಳೋಣ ಎಂಬಂತೆ ತಟ್ಟೆಯನ್ನು ಯೋಗರಾಜನ ಕಡೆ ತಿರುಗಿಸಿದಳು. ಅವನು ತಿಂದ. "ಇನ್ನೊಂಚೂರು ಹಾಕ್ಲಾ?" ಎಂದಳು. "ಹಾಕಿ" ಎಂದ. ಕೇಳುವುದು ಅವಳ ಪದ್ಧತಿ, ಬೇಕಾದರೆ ಹೂಂ ಎನ್ನುವುದು ಅವನ ಸಿದ್ಧಾಂತ. ಇಬ್ಬರೂ ತಮ್ಮ ತಮ್ಮ ಹಟ ಬಿಡಲಿಲ್ಲ. ನನ್ನ ಎರಡನೆಯ 'ಬೇಡ' ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ಒಂದೇ ತುಂಡು ಉಳಿದಿತ್ತು. ನಾಗಯ್ಯ ಭಾವ ಅದನ್ನೇ ನೋಡುತ್ತಾ ಎಂಜಲು ನುಂಗುತ್ತಿದ್ದರು. ಹಾಲಕ್ಕ ಅದನ್ನೂ ಯೋಗರಾಜನ ತಟ್ಟೆಗೆ ಹಾಕಲು ಹೋದಾಗ ಅವನು, "ಸಾಕು, ಬೇಡ" ಎಂದ. ಬೇಡ ಎಂದರೂ ಹಾಕುವುದು ನಮ್ಮ ಕಡೆಯ ಉಪಚಾರ. ಅವಳು ಹಾಕಿದಳು. "ಬೇಡ ಅಂದೆನಲ್ಲ" ಎಂದು ಅವನು ಅದನ್ನು ಎತ್ತಿ ವಾಪಸ್ ಅವಳ ತಟ್ಟೆಗೇ ಇಟ್ಟ.

ಬಾಗಿಲ ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯೋಗರಾಜ ತಲೆ ಎತ್ತಿದ. ಅವನ ಮುಖ ಹಾಗೇ ನಿಂತುಬಿಟ್ಟಿತು.

ಕವನ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮಣ್ಣಿನ ಬಗ್ಗೆ ಏನೋ ಮಾತು ಬಂತು. ನಮ್ಮ ಕಡೆಯ ಮಣ್ಣಿನಲ್ಲಿ ಹುಳಿ ಯಾಕೆ ಹೆಚ್ಚು, ಸುಣ್ಣ ಯಾವಾಗ ಹಾಕಬೇಕು ಎಂದು ಅವಳು ಹೇಳಿದಳು. ಅವನು ಕೇಳಿದ. ಸ್ಟಾಫ್ ರೂಮಿನಲ್ಲಿ ಯಾರಿಗೂ ಮಾತು ಮುಗಿಸಲು ಬಿಡದವನು ಸುಮ್ಮನೆ ಕೂತು ಸುಣ್ಣದ ವಿಷಯ ಕೇಳಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಸರಿ, ಗೆದ್ದೆವು ಎಂದುಕೊಂಡೆ.

ಕೊನೆಗೆ ಭಾವ ಎಲ್ಲರೆದುರಿಗೇ ಮಗಳನ್ನು ಕೇಳಿದರು. "ಏನಮ್ಮ, ನಿಂಗೆ ಒಪ್ಪಿಗೆನಾ?"

ಕವನ ನೆಲ ನೋಡುತ್ತಾ, "ನಿಮ್ಮಿಷ್ಟ ಅಪ್ಪ" ಎಂದಳು.

ಹಾಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೂವಮ್ಮನ ಮುಖ ಅರಳಿತು. ಅಡ್ಡಿ ಇದ್ದಿದ್ದರೆ ಹುಡುಗಿ ಓದು, ಕೆಲಸ ಎಂದು ಏನಾದರೂ ನೆಪ ತೆಗೆಯುತ್ತಿದ್ದಳು. ನಿಮ್ಮಿಷ್ಟ ಎಂದಳೆಂದರೆ ಆ ಮನೆಯಲ್ಲಿ ವಾಲಗ ಊದಿಸಿದ ಹಾಗೆ. ಇದು ಭದ್ರಾವತಿಯ ಹಸುಗೂಸಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕಕ್ಕೆ ಬಂದು ಕೂತ.

"ಮೇಡಂ, ಈ ಸಂಬಂಧ ಮುಂದುವರಿಸೋದು ಸರಿಯಲ್ಲ."

"ಯಾಕೋ? ಹುಡುಗಿ ಹಿಡಿಸಲಿಲ್ವಾ?"

"ಅವರಿಗೆ ನಾನು ಹಿಡಿಸಿಲ್ಲ. ಹಿಡಿಸಿಲ್ಲ ಅಂತಲೂ ಅಲ್ಲ. ಅವರು ಔದಾಸೀನ್ಯ ರೇಖೆ ಮೇಲಿದ್ದಾರೆ. ನಾನಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಅನ್ನೋ ಸ್ಥಿತಿ. ಅಂಥವರ ಮೇಲೆ ನನ್ನನ್ನ ಹೇರೋದು ಅನ್ಯಾಯ."

"ಅಯ್ಯೋ ನಿನ್ನ ರೇಖೆಗೆ ಬೆಂಕಿ ಹಾಕ! ಅದು ಒಪ್ಪಿಗೆ ಕಣೋ!"

"ಒಪ್ಪಿಗೆ ಅಂತ ಎಲ್ಲಿ ಅಂದ್ರು?"

ನಾನು ಹಲ್ಲು ಕಚ್ಚಿಕೊಂಡು, "ಸರಿ ಬಿಡು. ಇವಳಲ್ಲದಿದ್ರೆ ಇನ್ನೊಬ್ಬಳನ್ನ ನೋಡೋಣ" ಎಂದೆ. ಸುಮ್ಮನೆ ಚುಚ್ಚಲು ಹೇಳಿದ ಮಾತು. ಅವನು ಕೈಯಲ್ಲಿದ್ದ ಟಿಕೆಟನ್ನು ಮಡಚಿದ, ಬಿಚ್ಚಿದ. ಆಮೇಲೆ, ಕ್ರಮ ಹೇಳದೆ ತಿಂಡಿಯನ್ನೂ ತಿನ್ನದ ಆ ಮನುಷ್ಯ, ಮೆತ್ತಗೆ ಹೇಳಿದ. "ನಂಗೆ ಎರಡನೇ ಆಯ್ಕೆ ಇಲ್ಲ ಮೇಡಂ. ಬಸ್ಸು ಹತ್ತಿದಾಗಿಂದ ಯೋಚಿಸ್ತಿದೀನಿ. ಕವನ ಅವರ ಕೆಳಗೆ ಯಾರನ್ನೂ ಇಡೋಕಾಗ್ತಿಲ್ಲ. ಸಿದ್ಧಾಂತದಲ್ಲಿ ಹಿಂಗೆ ಆಗಬಾರದು."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಪಾಪ ಎನಿಸಿತು. ಇವರಿಬ್ಬರನ್ನೂ ಒಂದು ಕಡೆ ಕೂರಿಸಿ ಮಾತಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಅವಳ ನಂಬರು ಕೊಟ್ಟೆ.

ಮಾರನೇ ದಿನ ಕಾಲೇಜಿನ ಕಾರಿಡಾರಿನಲ್ಲಿ ನಿಂತು ಅವನು ಫೋನ್ ಮಾಡಿದ. ಎಲ್ಲಿ ಭೇಟಿಯಾಗೋಣ ಎಂದು ಕೇಳಿದ. ಆ ಕಡೆಯಿಂದ ನೀವು ಹೇಳಿದ ಕಡೆ ಎಂದಿರಬೇಕು. ಇವನು, ಇಲ್ಲ, ನಿಮ್ಮ ಆದ್ಯತೆ ಹೇಳಿ ಎಂದ. ನೀವೇ ಹೇಳಿ. ಇಲ್ಲ ನೀವೇ. ನನ್ನ ಒಂದು ಪೀರಿಯಡ್ ಮುಗಿಸಿ ಬಂದರೂ ಇದೇ ನಡೆದಿತ್ತು. ಕೊನೆಗೆ ಅವನು ಉದಾಹರಣೆಗೆಂದು ಊರಿನ ನಾಲ್ಕಾರು ಜಾಗ ಹೇಳುತ್ತಾ ಹೋದನಂತೆ. ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿ ಎಂದಾಗ ಅವಳು, "ಹಾಂ, ಸರಿ" ಎಂದಳಂತೆ. "ನೋಡಿದ್ರಾ ಮೇಡಂ, ಕೇಳಿದ್ರೆ ಆಯ್ಕೆ ಹೊರಗೆ ಬರುತ್ತೆ. ಅವರಿಗೆ ಹುಲಿ ಇಷ್ಟ" ಎಂದು ನನ್ನ ಹತ್ತಿರ ಬಂದು ಬೀಗಿದ.

ಹೀಗೆ ಒಂದು ಶನಿವಾರ ಮಧ್ಯಾಹ್ನ ನಾವು ಮೂವರೂ ಸಫಾರಿಯ ಜಾಲರಿ ಹಾಕಿದ ಬಸ್ಸಿನಲ್ಲಿ ಕೂತೆವು. ಚಿಕ್ಕಮ್ಮ ಜೊತೆಗಿದ್ದರೆ ಮಾತ್ರ ಬರುತ್ತೀನಿ ಎಂದು ಕವನ ಹೇಳಿದ್ದರಿಂದ ನಾನೂ ಇದ್ದೆ, ಎರಡು ಸೀಟು ಹಿಂದೆ. ಹೊರಗೆ ರಣಬಿಸಿಲು. ಸಿಂಹ ಮಲಗಿತ್ತು. ಹುಲಿ ಮಾತ್ರ ಎದ್ದು ಬಂದು ಬಸ್ಸಿನ ಪಕ್ಕದಲ್ಲೇ ನಡೆಯಿತು. ಕವನ ಕಣ್ಣು ಮುಚ್ಚಿಕೊಂಡು ಕುಂಕುಮದ ಹಾಗೆ ಕೆಂಪಾಗಿ ಕೂತಿದ್ದಳು. ಯೋಗರಾಜ ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬಿಡಲಿಲ್ಲ. ಅಕ್ಕಪಕ್ಕ ಕೂತದ್ದಕ್ಕೆ ಎಂಥ ನಾಚಿಕೆ ಇಬ್ಬರಿಗೂ ಎಂದುಕೊಂಡೆ ನಾನು, ದಡ್ಡಿ.

ಹುಲಿ ಆಚೆ ಹೋದ ಮೇಲೆ ಯೋಗರಾಜ ಗಂಟಲು ಸರಿಮಾಡಿಕೊಂಡ.

"ಕವನ ಅವರೇ, ನಿಮ್ಮ ಮೇಲೆ ಒತ್ತಡ ಬೀಳಬಾರದು ಅಂತ ನನ್ನ ಅಭಿಪ್ರಾಯ ನಾನು ಹೇಳಲ್ಲ. ನೀವು ಮಾತ್ರ ಮುಕ್ತವಾಗಿ ಹೇಳಿ. ಸೊನ್ನೆಯಿಂದ ಹತ್ತರವರೆಗೆ ಅಂದ್ರೆ, ನಂಗೆ ಎಷ್ಟು ಕೊಡ್ತೀರಿ?"

ಕವನ ನಿಧಾನವಾಗಿ ಅವನ ಕಡೆ ತಿರುಗಿದಳು.

"ನೀವೇನು ಉತ್ತರ ಪತ್ರಿಕೆನಾ, ನಾನು ಮಾರ್ಕ್ಸ್ ಹಾಕೋಕೆ?"

"ಹಂಗಲ್ಲ, ಹೋಲಿಕೆಗೆ ಅನುಕೂಲ ಆಗ್ಲಿ ಅಂತ. ಬೇರೆ ಸಂಬಂಧ ಬಂದ್ರೆ..."

"ಬಂದ್ರೆ ಬರ್ಲಿ. ನಿಮ್ಮಿಷ್ಟ ಬಂದಂಗೆ ಮಾಡ್ಕೊಳ್ಳಿ" ಎಂದು ಅವಳು ಎದ್ದು ಬಂದು ನನ್ನ ಪಕ್ಕ ಕೂತಳು. ಕಣ್ಣಲ್ಲಿ ನೀರಿತ್ತು. ಅವನಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು. "ಚಿಕ್ಕಮ್ಮ, ನನ್ನ ಕೇಳ್ತಾರೆ, ಕೇಳ್ತಾನೇ ಇರ್ತಾರೆ. ತಮಗೇನು ಬೇಕು ಅಂತ ಒಂದ್ಸಲನಾದ್ರೂ ಹೇಳಿದ್ರಾ?"

ಹೌದಲ್ಲ ಎಂದು ನನಗೆ ಆಗ ಹೊಳೆಯಿತು. ಸಕ್ಕರೆ ಎಷ್ಟು ಎಂದು ಹೇಳಿದ, ಹಾಲುಬಾಯಿ ಬೇಕು ಎಂದು ತಟ್ಟೆ ಖಾಲಿಯಾಗುವವರೆಗೆ ಹೇಳಿದ. ಹುಡುಗಿ ಬೇಕು ಎಂದು ಮಾತ್ರ ಹುಡುಗಿಯ ಮುಂದೆ ಒಂದು ಸಲವೂ ಹೇಳಲಿಲ್ಲ. ಒತ್ತಡವಂತೆ, ಒತ್ತಡ. ಇದನ್ನು ಅವನಿಗೆ ಹೇಳಿದರೆ, "ನೀವು ಹೇಳಿಕೊಟ್ಟು ನಾನು ಹೇಳಿದ್ರೆ ಅದಕ್ಕೇನು ಬೆಲೆ?" ಎಂದ. ಅಲ್ಲಿಗೆ ನಾನು ಕೈ ಮುಗಿದೆ.

ಎರಡು ವಾರ ಕಳೆಯಿತು. ಯೋಗರಾಜ ಸ್ಟಾಫ್ ರೂಮಿನಲ್ಲಿ ಯಾರ ಬೇಲಿಯನ್ನೂ ದಾಟಲಿಲ್ಲ. ವೆಂಕಟಾಚಲ ತಾನಾಗಿಯೇ ಚುನಾವಣೆಯ ಮಾತು ತೆಗೆದು ಕೆಣಕಿದರೂ, "ನೀವು ಹೇಳೋದೂ ಇರಬಹುದು ಸಾರ್" ಎಂದ. ಮನೆಯಲ್ಲಿ ಹೂವಮ್ಮ ಉಪ್ಪಿಟ್ಟು ಮಾಡಿದರೂ ತಿಂದು ಎದ್ದನಂತೆ. "ಇವನಿಗೆ ಏನೋ ಆಗಿದೆ ಮೇಡಂ" ಎಂದು ಅವರು ಅತ್ತೇಬಿಟ್ಟರು.

ಒಂದು ಶುಕ್ರವಾರ ಸಂಜೆ ನಾಗಯ್ಯ ಭಾವನ ಫೋನು ಬಂತು.

"ಪ್ರಿಯಾ, ನಿಮ್ಮ ಹುಡುಗನ ಕಡೆಯಿಂದ ಮಾತೇ ಇಲ್ಲ. ಇಲ್ಲೊಂದು ಸಂಬಂಧ ಬಂದಿದೆ. ದೇವರಾಜ್ ಅಂತ ಹುಡುಗ, ತರೀಕೆರೆ ಕಡೆ ಲಾರಿ ಇಟ್ಟಿದ್ದಾರೆ. ಭಾನುವಾರ ಬಂದು ತಾಂಬೂಲ ಬದಲಾಯಿಸ್ತೀವಿ ಅಂತಿದ್ದಾರೆ. ನಮ್ದೇನಿಲ್ಲಮ್ಮ. ನಿಮ್ಮಿಷ್ಟ."

"ಕವನ ಏನಂತಾಳೆ ಭಾವ?"

"ಅವಳು ಮಾತೇ ಆಡಲ್ಲ. ಊಟ ಅರ್ಧಕ್ಕೆ ಬಿಡ್ತಾಳೆ" ಎಂದರು. ಭಾವ ನಲವತ್ತು ವರ್ಷದಲ್ಲಿ ನನ್ನ ಹತ್ತಿರ ಏನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಅವತ್ತು ಅವರು ಬೇಡಿಕೊಳ್ಳುತ್ತಿದ್ದರು.

ಶನಿವಾರ ಬೆಳಿಗ್ಗೆ ಯೋಗರಾಜನ ಮನೆಗೆ ನುಗ್ಗಿ, "ನಡಿ ಭದ್ರಾವತಿಗೆ. ಬೇಡ ಅನ್ನೋದಾದ್ರೆ ಅವರ ಮುಖ ನೋಡಿ ಹೇಳಿ ಬಾ. ಅಷ್ಟು ಮರ್ಯಾದೆನಾದ್ರೂ ಉಳಿಸು" ಎಂದೆ. ಅವನು ಚಪ್ಪಲಿ ಹಾಕಿಕೊಂಡು ಹಿಂದೆ ಬಂದ. ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತಾ ಏನೋ ಉರು ಹೊಡೆಯುತ್ತಿದ್ದ. ಕಿವಿಗೊಟ್ಟು ಕೇಳಿದೆ. 'ಎಲ್ಲ ಆಯಾಮಗಳನ್ನೂ ಪರಿಶೀಲಿಸಿದಾಗ, ಕವನ ಅವರ ಹಿತದೃಷ್ಟಿಯಿಂದ' ಎಂದು ಶುರುವಾಗುವ ಭಾಷಣ. ತಲೆ ಚಚ್ಚಿಕೊಳ್ಳಲು ಬಸ್ಸಿನ ಕಂಬಿ ಹತ್ತಿರವೇ ಇತ್ತು.

ಹಾಲಕ್ಕ ಬಾಗಿಲು ತೆಗೆದಳು. ಒಳಗೆ ಬೆಲ್ಲ, ಏಲಕ್ಕಿಯ ಪರಿಮಳ. ಮಾರನೇ ದಿನ ಬರುವವರಿಗೆ ಹಾಲುಬಾಯಿ ಮಾಡಿಟ್ಟಿದ್ದಳು. ಆದರೂ ಬಂದವರಿಗೆ ಕೊಡದೆ ಇರುತ್ತಾಳೆಯೇ. ದೊಡ್ಡ ತಟ್ಟೆ ತಂದು ಯೋಗರಾಜನ ಮುಂದೆ ಹಿಡಿದಳು. ನನಗೂ ಹಿಡಿದಳು. ಹೊಟ್ಟೆಯಲ್ಲಿ ಇಲಿ ಓಡುತ್ತಿದ್ದರೂ ನಾನು ಕ್ರಮ ಪ್ರಕಾರ "ಬೇಡ ಹಾಲಕ್ಕ" ಎಂದೆ.

"ನೀವು ತಗೊಳ್ಳಿ" ಎಂದಳು ಯೋಗರಾಜನಿಗೆ.

"ಬೇಡ" ಎಂದ ಯೋಗರಾಜ.

ಹಾಲಕ್ಕನ ಕೈ ಗಾಳಿಯಲ್ಲೇ ನಿಂತಿತು. "ಯಾಕೆ? ಅವತ್ತು ಹಿಡಿಸಲಿಲ್ವಾ?"

"ಹಿಡಿಸಿತ್ತು."

"ಹೊಟ್ಟೆ ತುಂಬಿದ್ಯಾ?"

"ಇಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಮತ್ತೆ?"

"ಬೇಡ" ಎಂದ, ತಟ್ಟೆಯನ್ನೇ ನೋಡುತ್ತಾ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು.

ಭಾವ ಕುರ್ಚಿ ಹತ್ತಿರ ಎಳೆದುಕೊಂಡರು. "ನಾಳೆ ಆ ಕಡೆಯವರು ಬರ್ತಿದ್ದಾರೆ ಸಾರ್. ನೀವು ಮೊದಲು ಬಂದವರು. ನಿಮ್ಮ ಮಾತು ಕೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ಏನಂತೀರಿ?"

ಯೋಗರಾಜ ನೆಟ್ಟಗೆ ಕೂತ. "ಎಲ್ಲ ಆಯಾಮಗಳನ್ನೂ..." ಎಂದ. ನಿಲ್ಲಿಸಿದ. ಮತ್ತೆ, "ಕವನ ಅವರ ಹಿತ..." ಎಂದ. ಅದೂ ನಿಂತಿತು. ಪರದೆಯ ಕಡೆ ಒಂದು ಸಲ ನೋಡಿದ. ಆಮೇಲೆ, ಯಾರ ಬಾಯಲ್ಲಿ ಆ ಮಾತು ಬಂದರೂ ಮುಖ ಕಿವುಚಿಕೊಳ್ಳುತ್ತಿದ್ದ ನಮ್ಮ ಡಾಕ್ಟರ್ ಯೋಗರಾಜ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ಹೇಳಿದ.

"ನಿಮ್ಮಿಷ್ಟ."

ನಾನು ಹಣೆ ಹಣೆ ಚಚ್ಚಿಕೊಂಡೆ. ಎಲ್ಲ ಮುಗಿಯಿತು ಎನಿಸಿತು. ನನಗೆ ಅಳು ಬಂತು. ಭಾವ ತಲೆ ತಗ್ಗಿಸಿದರು.

ಆಗ ಒಳಗಿನಿಂದ ನಗು ಕೇಳಿಸಿತು. ಕಿಸಕ್ಕನೆ ನಕ್ಕದ್ದಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ ನಗು. ಕವನ ಸೋಪಿನ ನೊರೆ ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಚೌಕಟ್ಟಿಗೆ ಒರಗಲಿಲ್ಲ. ಕುರ್ಚಿ ಎಳೆದು ಅವನ ಎದುರಿಗೇ ಕೂತಳು.

"ಅಪ್ಪ, ಇವರು ಹಾಲುಬಾಯಿ ಬೇಡ ಅಂದ್ರು. ಹಸಿವಾಗಿದ್ರೂ ಬೇಡ ಅಂದ್ರು. ಆಮೇಲೆ ನಿಮ್ಮಿಷ್ಟ ಅಂದ್ರು. ಇವರ ಬಾಯಲ್ಲಿ ಈ ಮಾತು ಬರ್ಬೇಕು ಅಂದ್ರೆ ಎಷ್ಟು ಬೇಕಾಗಿದೆ ಅಂತ ನಿಮಗೆ ಗೊತ್ತಾಗಲಿಲ್ವಾ?"

ಯೋಗರಾಜ ಬಾಯಿ ತೆರೆದ. ಅವಳು ನೊರೆಯ ಕೈ ಎತ್ತಿ ತಡೆದಳು.

"ನೀವು ಸುಮ್ನಿರಿ. ಈಗ ನನ್ನಿಷ್ಟ ಹೇಳ್ತೀನಿ. ನಂಗೆ ಇವರೇ ಬೇಕು ಅಪ್ಪ. ಅವತ್ತೂ ಬೇಕಾಗಿತ್ತು." ಅವಳು ತಲೆ ತಗ್ಗಿಸಲಿಲ್ಲ. ಹಾಲಕ್ಕ ತಟ್ಟೆ ಹಿಡಿದುಕೊಂಡೇ ಗೋಡೆಗೆ ಆತುಕೊಂಡಳು. "ಹತ್ತಕ್ಕೆ ಎಷ್ಟು ಅಂತ ಕೇಳಿದ್ರಲ್ಲ. ಏಳೂವರೆ."

"ಏಳೂವರೆ?" ಎಂದ ಅವನು. ಸಂತೋಷದ ನಡುವೆಯೂ ಅವನಿಗೆ ಲೆಕ್ಕ ಬಿಡಲಿಲ್ಲ. "ಉಳಿದದ್ದು ಎಲ್ಲಿ ಹೋಯ್ತು?"

"ತ್ಯಾವರೆಕೊಪ್ಪದಲ್ಲಿ ಕಳೆದೆ. ನಂಗೆ ಹುಲಿ ಅಂದ್ರೆ ಜೀವಭಯ. ನಿಮಗಿಷ್ಟ ಅಂತ ಕಣ್ಣು ಮುಚ್ಕೊಂಡು ಕೂತಿದ್ದೆ."

"ನಂಗಿಷ್ಟನಾ? ನೀವು ಆರಿಸಿದ್ರಿ ಅಂತ ನಾನು ಬಂದೆ! ನಂಗೂ ಭಯವೇ. ಕಂಬಿ ಹಿಡಿದಿದ್ದ ಕೈ ಆಮೇಲೆ ಬಿಡಿಸೋಕೆ ಆಗಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಬೇಡದ ಹುಲಿಯನ್ನು ನೋಡಲು ನನ್ನನ್ನೂ ಬಿಸಿಲಲ್ಲಿ ಬೇಯಿಸಿದ್ದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಆಗ ಬೈಯುವ ಹೊತ್ತಲ್ಲ.

"ಈಗ ನೀವು ಹೇಳಿ" ಎಂದಳು ಕವನ. "ನಾನು ಹೇಳಾಯ್ತಲ್ಲ, ಇನ್ನು ಒತ್ತಡ ಬೀಳಲ್ಲ."

ಯಾವ ವಿಷಯ ಕೊಟ್ಟರೂ ಒಂದು ಗಂಟೆ ಮಾತಾಡುವವನು ಎರಡೇ ಮಾತಲ್ಲಿ ಮುಗಿಸಿದ. ಬಸ್ಸಿನಲ್ಲಿ ನನಗೆ ಹೇಳಿದ್ದನ್ನೇ, ಆದರೆ ಸಿದ್ಧಾಂತವನ್ನು ಬಿಟ್ಟು, ಅವಳಿಗೆ ಹೇಳಿದ. "ನಂಗೆ ಎರಡನೇ ಆಯ್ಕೆ ಇಲ್ಲ. ನೀವು ನಕ್ಕಾಗಿಂದ ಇಲ್ಲ."

ನಾನು ಜೋರಾಗಿಯೇ ಅತ್ತೆ. ಸಿಟ್ಟು ಬಂದಷ್ಟೇ ಬೇಗ ನನಗೆ ಅಳುವೂ ಬರುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಯೋಗರಾಜ ಯಾರೂ ಕೇಳದೆಯೇ ಕೈ ಚಾಚಿ ಹಾಲುಬಾಯಿ ತೆಗೆದುಕೊಂಡ. ಈ ಸಲ ನಾಗಯ್ಯ ಭಾವ ಅವನಿಗಿಂತ ಮೊದಲೇ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದರು. ಅದನ್ನು ನುಂಗಿ, ಎದ್ದು ಹೋಗಿ ದೇವರಾಜನ ಮನೆಯವರಿಗೆ ಫೋನ್ ಮಾಡಿದರು. ನಾಳೆ ಬರುವುದು ಬೇಡ, ತಪ್ಪು ತಿಳಿಯಬೇಡಿ ಎಂದರು. ಆ ಕಡೆಯವರು ಯಾಕೆ, ಜಾತಕ ಕೂಡಲಿಲ್ಲವೇ ಎಂದು ಕೇಳಿರಬೇಕು. ಹೂಂ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಭಾವ ಒಂದು ಗಳಿಗೆ ತಡೆದು, "ಜಾತಕದ ವಿಷಯ ಅಲ್ಲ. ನಮ್ಮ ಹುಡುಗಿ ಇಷ್ಟ ಬೇರೆ ಕಡೆ ಇದೆ" ಎಂದರು. ಅಷ್ಟು ಹೇಳಿ, ಯಾವುದೋ ದೊಡ್ಡ ಮೂಟೆ ಇಳಿಸಿದವರ ಹಾಗೆ ಉಸಿರು ಬಿಟ್ಟರು.

ಹೊರಡುವ ಹೊತ್ತಾಯಿತು. ಹಾಲಕ್ಕ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಡಬ್ಬಿಗೆ ಹಾಕಿ ಹೂವಮ್ಮನಿಗೆಂದು ಯೋಗರಾಜನ ಕೈಗೆ ಕೊಟ್ಟಳು. ಕೊನೆಯ ಒಂದು ತುಂಡನ್ನು ನನ್ನ ಮುಂದೆ ಹಿಡಿದು, "ಪ್ರಿಯಾ, ನೀನು ಒಂಚೂರೂ ತಿನ್ನಲಿಲ್ಲ. ತಗೋಳೇ" ಎಂದಳು.

"ಬೇಡ ಹಾಲಕ್ಕ" ಎಂದೆ, ಇನ್ನೊಂದು ಸಲ ಕೇಳಲಿ ಎಂದು.

ಅವಳು ಒಂದು ಕ್ಷಣ ಯೋಚಿಸಿದಳು. ಮಗಳ ಮುಖ ನೋಡಿದಳು. "ಬೇಡ ಅಂದ್ರೆ ಬೇಡ ಬಿಡು. ಬಲವಂತ ಮಾಡಬಾರದು" ಎಂದು ಆ ತುಂಡನ್ನೂ ಡಬ್ಬಿಗೆ ಸೇರಿಸಿದಳು. ನಲವತ್ತು ವರ್ಷದ ಬಳಕೆ ಬಿಡಲು ಆ ಮಾರಾಯ್ತಿಗೆ ಅವತ್ತೇ ಬೇಕಿತ್ತೇ?

ವಾಪಸ್ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತೆ. ಯೋಗರಾಜ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. ಸ್ವಲ್ಪ ದೂರ ಬಂದ ಮೇಲೆ ಮುಚ್ಚಳ ತೆಗೆದ.

"ಮೇಡಂ, ಒಂದು ತಗೊಳ್ತೀರಾ?"

"ಬೇಡ" ಎಂದೆ. ಬಾಯಿ ಹಾಗೆ ಪಳಗಿಹೋಗಿದೆ, ಏನು ಮಾಡಲಿ. ಅವನು ತಲೆ ಆಡಿಸಿ ಮುಚ್ಚಳ ಹಾಕಿದ. ಮುಗಿಯಿತು, ಇವನ ಹತ್ತಿರ ಇನ್ನು ಸಿಕ್ಕ ಹಾಗೇ ಎಂದುಕೊಂಡೆ.

ಮಾಚೇನಹಳ್ಳಿ ಬಂತು. ಅವನು ಮತ್ತೆ ಮುಚ್ಚಳ ತೆಗೆದ. "ಚೂರು ತಗೊಳ್ಳಿ ಮೇಡಂ" ಎಂದ.

"ಸುಮ್ನೆ ಯಾಕೆ..." ಎಂದೆ, ಮೆಲ್ಲಗೆ.

ಅವನು ಡಬ್ಬಿಯನ್ನು ನನ್ನ ಮುಂದಿನಿಂದ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಹೊಸ ಪಾಠವನ್ನು ಮೊದಲ ಸಲ ಒಪ್ಪಿಸುವ ಹುಡುಗನ ಹಾಗೆ ಹೆದರಿ ಹೆದರಿ, ಮೂರನೆಯ ಸಲ ಕೇಳಿದ. "ನನಗೋಸ್ಕರ ಒಂದು ತಗೊಳ್ಳಿ ಮೇಡಂ."

ನಾನು ಡಬ್ಬಿಯನ್ನೇ ಕಿತ್ತುಕೊಂಡೆ.